ಕಾಯಕ ಮತ್ತು ತಲ್ಲೀನತೆ: ಬಳ್ಳಿಗಾವೆ-ಸೊರಬ ಸೀಮೆಯ ಕೆಲವು ನಿದರ್ಶನಗಳು

ಬನವಾಸಿ ಹನ್ನೆರಡು ಸಾವಿರವೆಂದು ಶಾಸನಗಳಲ್ಲಿ ಪ್ರಸಿದ್ಧವಾದ ನಾಡಿನ ಒಂದು ಭಾಗವು ಇಂದು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಸೇರಿಹೋಗಿದೆ. ತಾಳಗುಂದ, ಬಳ್ಳಿಗಾವೆ, ಉಡುತಡಿ, ಜಂಬೂರು, ಕುಬಟೂರು, ಚಂದ್ರಗುತ್ತಿ ಮೊದಲಾದ ಊರುಗಳ ಹೆಸರುಗಳನ್ನು ಕೇಳಿದಾಕ್ಷಣ ಇತಿಹಾಸಾಸಕ್ತರಿಗೆ ಕದಂಬರೂ ಚಾಳುಕ್ಯರೂ ನೆನಪಾಗುತ್ತಾರೆ. ಶರಣಧರ್ಮದ ಅನುಯಾಯಿಗಳಿಗೆ ಅಲ್ಲಮಪ್ರಭು, ಅಕ್ಕಮಹಾದೇವಿ, ಸತ್ಯಕ್ಕ ನೆನಪಾಗುತ್ತಾರೆ. ಅರಸರ ದಂಡಯಾತ್ರೆಗಳನ್ನೂ ದಾನದತ್ತಿಗಳನ್ನೂ ಕುರಿತು ಸಾಕಷ್ಟು ಬರೆದಾಗಿದೆ. ಆದರೆ ಈ ನೆಲದಲ್ಲಿ ಕವಿಗಳು, ರೂವಾರಿಗಳು, ವಾದಕರು, ಶರಣರು ತಮ್ಮ ತಮ್ಮ ಕಾರ್ಯದಲ್ಲಿ ಹೇಗೆ ಮೈಮರೆತರು, ಆ ಮೈಮರೆವಿಗೆ ಯಾವ ಬೆಲೆಯನ್ನು ಕಟ್ಟಿದರು ಎಂಬ ಪ್ರಶ್ನೆಯು ಅಷ್ಟಾಗಿ ಪರಿಶೀಲನೆಗೆ ಬಂದಿಲ್ಲ. ಕಾಯಕತತ್ತ್ವದ ಒಳಹುರುಳನ್ನು ಅರಿಯಬೇಕಾದರೆ ಈ ಪ್ರಶ್ನೆಯನ್ನು ಎದುರಿಸದೆ ಗತ್ಯಂತರವಿಲ್ಲ. ಏಕೆಂದರೆ, ಕೆಲಸದಲ್ಲಿ ಪೂರ್ಣವಾಗಿ ಮುಳುಗುವುದೇ ಪೂಜೆಯೆಂದಾದರೆ ಚತುರನಾದ ಪ್ರತಿಯೊಬ್ಬ ಕುಶಲಕರ್ಮಿಯೂ ಶರಣನೆನಿಸಬೇಕು. ಅಲ್ಲವೆಂದಾದರೆ ಶರಣರು ಕಾಯಕಕ್ಕೆ ಕೊಟ್ಟ ಪರಮಸ್ಥಾನಕ್ಕೆ ಬೇರೊಂದು ಆಧಾರವಿರಬೇಕು.

ಈ ಮೈಮರೆವನ್ನು ಆಧುನಿಕ ಮನಶ್ಶಾಸ್ತ್ರವೂ ಅಭ್ಯಾಸದ ವಸ್ತುವನ್ನಾಗಿ ಮಾಡಿಕೊಂಡಿದೆ. ಹಂಗೇರಿ ಮೂಲದವರಾಗಿದ್ದು ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಪ್ರಾಧ್ಯಾಪಕರಾಗಿದ್ದ ಮಿಹಾಯ್ ಚಿಕ್ಸೆಂಟ್‌ಮಿಹಾಯ್ (1934–2021) ಅವರು ಬಂಡೆಯೇರುವವರು, ಚದುರಂಗದ ಆಟಗಾರರು, ನರ್ತಕರು, ಸಂಗೀತರಚಕರು, ಶಸ್ತ್ರವೈದ್ಯರು ಮುಂತಾದವರನ್ನು ಪ್ರಶ್ನಿಸಿ, ಅವರ ಉತ್ತರಗಳನ್ನು ಹೋಲಿಸಿ 1975ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. 1990ರಲ್ಲಿ ಅದೇ ವಿಚಾರವನ್ನು ಸಾಮಾನ್ಯ ಓದುಗರಿಗಾಗಿ ವಿಸ್ತರಿಸಿ ಬರೆದರು. ಅನೇಕರು ತಮ್ಮ ಅನುಭವವನ್ನು ಹರಿಯುವ ನೀರಿಗೆ ಹೋಲಿಸಿದುದರಿಂದ ಆ ಸ್ಥಿತಿಗೆ ‘ಪ್ರವಾಹ’ವೆಂಬ ಅರ್ಥದ ಹೆಸರನ್ನೇ ಅವರು ಇಟ್ಟರು. ಅವರ ನಿರೂಪಣೆಯಂತೆ ಈ ಸ್ಥಿತಿಗೆ ಕೆಲವು ನಿಬಂಧನೆಗಳಿವೆ. ಮಾಡಬೇಕಾದುದು ಏನೆಂಬುದು ಸ್ಪಷ್ಟವಾಗಿರಬೇಕು. ಮಾಡಿದುದು ಸರಿಯೋ ತಪ್ಪೋ ಎಂಬುದು ಆ ಕ್ಷಣದಲ್ಲಿಯೇ ತಿಳಿಯುವಂತಿರಬೇಕು. ಕಾರ್ಯದ ಕಾಠಿನ್ಯವು ಕರ್ತೃವಿನ ಸಾಮರ್ಥ್ಯಕ್ಕೆ ಸರಿಸಮವಾಗಿರಬೇಕು. ಕಾಠಿನ್ಯವು ಮಿತಿಮೀರಿದರೆ ಕಳವಳ ಹುಟ್ಟುತ್ತದೆ. ತೀರ ಕಡಿಮೆಯಾದರೆ ಬೇಸರ ಕವಿಯುತ್ತದೆ. ಇವೆರಡರ ನಡುವಣ ಕಿರಿದಾದ ದಾರಿಯಲ್ಲಿ ನಡೆವವನಿಗೆ ತನ್ನ ನೆನಪು ತನಗೆ ಅಳಿಯುತ್ತದೆ. ಹೊತ್ತಿನ ಅಳತೆ ತಪ್ಪುತ್ತದೆ. ಫಲಾಪೇಕ್ಷೆ ಹಿಂದೆ ಸರಿದು ಕಾರ್ಯವೇ ಕಾರ್ಯದ ಫಲವಾಗುತ್ತದೆ. ಇಷ್ಟನ್ನು ಹೇಳಿದ ಆ ವಿದ್ವಾಂಸರು ಒಂದು ಎಚ್ಚರಿಕೆಯನ್ನೂ ಸೇರಿಸಿದ್ದಾರೆ. ಈ ಸ್ಥಿತಿಯು ಬೆಂಕಿಯಂತೆ ಒಂದು ಶಕ್ತಿ. ಅದರಿಂದ ಅಡುಗೆಯನ್ನೂ ಮಾಡಬಹುದು, ಮನೆಯನ್ನೂ ಸುಡಬಹುದು. ತಲ್ಲೀನತೆಯು ತಾನಾಗಿಯೇ ಒಳಿತೂ ಅಲ್ಲ, ಕೆಡುಕೂ ಅಲ್ಲವೆಂಬುದು ಇದರ ತಾತ್ಪರ್ಯ. ಈ ಎಚ್ಚರಿಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಳ್ಳಿಗಾವೆ-ಸೊರಬ ಸೀಮೆಯ ನಿದರ್ಶನಗಳನ್ನು ನೋಡುವುದು ಉಚಿತ.

ಮೊದಲನೆಯ ನಿದರ್ಶನವು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಶಿಲಾಸ್ತಂಭ. ಕದಂಬ ಶಾಂತಿವರ್ಮನ ಕಾಲದ, ಎಂದರೆ ಸುಮಾರು 5ನೆಯ ಶತಮಾನದ ನಡುಭಾಗದ ಈ ಶಾಸನವು ಮಯೂರಶರ್ಮನ ವೃತ್ತಾಂತವನ್ನು ತಿಳಿಸುವ ಮುಖ್ಯ ಆಕರವಾಗಿರುವುದರಿಂದ ಚರಿತ್ರಕಾರರಿಗೆ ಸುಪರಿಚಿತವಾದುದು. ಕಾಕುಸ್ಥವರ್ಮನು ಶಿವಾಲಯದ ಬಳಿ ಕೆರೆಯನ್ನು ಕಟ್ಟಿಸಿದುದನ್ನು ಹೇಳುವ ಈ ಸಂಸ್ಕೃತ ಕಾವ್ಯದಲ್ಲಿ ಮೂವತ್ತಕ್ಕೂ ಹೆಚ್ಚಿನ ಪದ್ಯಗಳಿದ್ದು, ಅವು ಹಲವು ಛಂದಸ್ಸುಗಳಲ್ಲಿ ರಚಿತವಾಗಿವೆ. ಇಲ್ಲಿ ಗಮನಾರ್ಹವಾದುದು ಕಾವ್ಯದ ಕೊನೆಯಲ್ಲಿ ಬರುವ ಒಂದು ಸಂಗತಿ. ಈ ಕಾವ್ಯವನ್ನು ರಚಿಸಿದ ಕುಬ್ಜನು ಅರಸನ ಆಜ್ಞೆಯಂತೆ ತನ್ನ ಕಾವ್ಯವನ್ನು ತಾನೇ ಶಿಲೆಯ ಮೇಲೆ ಬರೆದನೆಂದು ಅಲ್ಲಿ ಹೇಳಿದೆ. ಸಾಮಾನ್ಯವಾಗಿ ಶಾಸನವನ್ನು ರಚಿಸುವ ಕವಿಯೇ ಬೇರೆ, ಕಲ್ಲಿನ ಮೇಲೆ ಮೂಡಿಸುವವನೇ ಬೇರೆ. ತಾಳೆಗರಿಯ ಮೇಲಣ ತಪ್ಪನ್ನು ಗರಿ ಬದಲಿಸಿ ತಿದ್ದಬಹುದು. ಕಲ್ಲಿಗೆ ಇಳಿದ ಅಕ್ಷರಕ್ಕೆ ಎರಡನೆಯ ಅವಕಾಶವಿಲ್ಲ. ಛಂದಸ್ಸಿನ ಮಾತ್ರೆಯನ್ನು ಕಿವಿಯೂ ಅಕ್ಷರದ ಅಳತೆಯನ್ನು ಕಣ್ಣೂ ಏಕಕಾಲದಲ್ಲಿ ಕಾಯಬೇಕಾದ ಇಂಥ ಕಾರ್ಯದಲ್ಲಿ ಚಿತ್ತವು ಅತ್ತಿತ್ತ ಸರಿಯುವಂತಿಲ್ಲ. ತಲ್ಲೀನತೆಗೆ ಬೇಕಾದ ನಿಬಂಧನೆಗಳೆಲ್ಲವೂ ಇಲ್ಲಿ ಕೂಡಿಬಂದಿವೆ. ಆದರೂ ಕಾರ್ಯ ಮುಗಿದ ಮೇಲೆ ಕವಿ ತನ್ನ ಹೆಸರನ್ನು ಮರೆಯಲಿಲ್ಲವೆಂಬುದನ್ನೂ ಇಲ್ಲಿಯೇ ಗುರುತಿಸಬೇಕು.

ಎರಡನೆಯದು ಬಳ್ಳಿಗಾವೆಯ ರೂವಾರಿಗಳದು. 1117ರಲ್ಲಿ ಹೊಯ್ಸಳ ವಿಷ್ಣುವರ್ಧನನು ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯನ್ನು ಮಾಡಿಸಿದಾಗ ಆ ದೇವಾಲಯದ ನಿರ್ಮಾಣದಲ್ಲಿ ದುಡಿದ ಶಿಲ್ಪಿಗಳಲ್ಲಿ ಬಳ್ಳಿಗ್ರಾಮೆಯ ದಾಸೋಜನೂ ಅವನ ಮಗ ಚಾವಣನೂ ಪ್ರಮುಖರು. ಜಗತ್ಪ್ರಸಿದ್ಧವಾದ ಮದನಿಕೆಯರಲ್ಲಿ ಹಲವು ಈ ತಂದೆಮಕ್ಕಳ ಕೈಚಳಕವೆಂಬುದು ಪೀಠಗಳ ಮೇಲಿನ ಬರಹಗಳಿಂದ ತಿಳಿದುಬರುತ್ತದೆ. ತಲೆಯ ಮೇಲಿನ ಬಳ್ಳಿಗಳ ಹಂದರವನ್ನೂ ಬೆರಳ ಸಂದಿನ ಬೆಳಕನ್ನೂ ಮೃದುಶಿಲೆಯಲ್ಲಿ ಬಿಡಿಸಿದ ಆ ಕೈಗಳು ಎಂಥ ಏಕಾಗ್ರತೆಯಿಂದ ದುಡಿದಿರಬೇಕೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಆ ಬರಹಗಳಲ್ಲಿಯೇ ಶಿಲ್ಪಿಗಳ ಬಿರುದುಗಳೂ ಇವೆ. ಪ್ರತಿಸ್ಪರ್ಧಿಗಳಾದ ರೂವಾರಿಗಳನ್ನು ಮೆಟ್ಟಿನಿಂತವರೆಂಬ ಹೆಮ್ಮೆಯೂ ಇದೆ. ಉಳಿಯನ್ನು ಹಿಡಿದಷ್ಟು ಹೊತ್ತು ಕರಗಿದ್ದ ‘ನಾನು’ ಉಳಿಯನ್ನು ಕೆಳಗಿಟ್ಟೊಡನೆ ಮತ್ತೆ ಗಟ್ಟಿಯಾಗಿ ಎದ್ದುನಿಲ್ಲುತ್ತದೆ. ಇದನ್ನು ದೋಷವೆಂದು ಹೇಳುವುದು ಸಲ್ಲದು. ಆ ಹೆಮ್ಮೆಯ ಬರಹವಿಲ್ಲದಿದ್ದರೆ ಬಳ್ಳಿಗಾವೆಯ ಶಿಲ್ಪಿಗಳ ಹೆಸರೂ ಉಳಿಯುತ್ತಿರಲಿಲ್ಲ. ತಲ್ಲೀನತೆಯ ಸ್ವಭಾವವನ್ನು ಅರಿಯುವುದಕ್ಕೆ ಮಾತ್ರ ಈ ಅಂಶವು ಮುಖ್ಯ: ಅದು ಅಹಂಕಾರವನ್ನು ಮರೆಸುತ್ತದೆ, ಅಳಿಸುವುದಿಲ್ಲ.

ಇಂಥ ತಲ್ಲೀನತೆಯು ನಿರಾಧಾರವಾಗಿ ಬೆಳೆಯತಕ್ಕುದಲ್ಲ. ಅದಕ್ಕೆ ಸಮಾಜದ ಪೋಷಣೆ ಬೇಕು. ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖ ಶೈವರ ಕೋಡಿಯಮಠವು ಅಂಥ ಪೋಷಣೆಯ ನೆಲೆಯಾಗಿತ್ತು. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು ಆ ಮಠದಲ್ಲಿ ವೇದವೇದಾಂಗಗಳೂ ಹಲವು ವ್ಯಾಕರಣಗಳೂ ದರ್ಶನಗಳೂ ಲಾಕುಳ ಸಿದ್ಧಾಂತವೂ ಪಾತಂಜಲ ಯೋಗಶಾಸ್ತ್ರವೂ ಪುರಾಣ, ಕಾವ್ಯ, ನಾಟಕಗಳೂ ವ್ಯಾಖ್ಯಾನಗೊಳ್ಳುತ್ತಿದ್ದುವೆಂದು ವರ್ಣಿಸುತ್ತದೆ. ಅಷ್ಟೇ ಅಲ್ಲ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೂ, ಗಾಯಕ, ವಾದಕ, ನರ್ತಕರಿಗೂ, ನಾನಾ ಮತಗಳ ಸಂನ್ಯಾಸಿಗಳಿಗೂ ಅಲ್ಲಿ ಅನ್ನದಾನ ನಡೆಯುತ್ತಿತ್ತು, ರೋಗಿಗಳಿಗೆ ಔಷಧವೂ ಭೀತರಿಗೆ ಅಭಯವೂ ದೊರೆಯುತ್ತಿತ್ತು. ಚಿತ್ತವೃತ್ತಿಯನ್ನು ತಡೆಯುವ ಯೋಗಶಾಸ್ತ್ರದ ಪಾಠವೂ ಚಿತ್ತವನ್ನು ತಾಳದಲ್ಲಿ ಕಟ್ಟಿಹಾಕುವ ವಾದಕನ ಊಟವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದುವೆಂಬುದು ಅರ್ಥಪೂರ್ಣವಾದ ಸಂಗತಿ. ಅಲ್ಲಮಪ್ರಭುವು ಬಾಳಿದ 12ನೆಯ ಶತಮಾನದ ಬಳ್ಳಿಗಾವೆಯ ವಾತಾವರಣವು ಇಂಥದು.

ಅಲ್ಲಮನು ಮದ್ದಳೆಕಾರನೆಂಬುದರಲ್ಲಿ ಹರಿಹರನೂ ಚಾಮರಸನೂ ಏಕಾಭಿಪ್ರಾಯವುಳ್ಳವರು. ಮದ್ದಳೆಯು ಎರಡು ಮುಖಗಳ ವಾದ್ಯ. ಎರಡು ಕೈಗಳೂ ಬೇರೆ ಬೇರೆ ನುಡಿಗಳನ್ನು ನುಡಿಸಬೇಕು. ನರ್ತನಕ್ಕೆ ಮದ್ದಳೆ ನುಡಿಸುವವನ ಕಣ್ಣು ನರ್ತಕಿಯ ಹೆಜ್ಜೆಯ ಮೇಲೆ, ಕಿವಿ ಗಾಯನದ ಮೇಲೆ, ಬೆರಳು ಚರ್ಮದ ಮೇಲೆ ನೆಟ್ಟಿರುತ್ತವೆ. ಒಂದು ಮಾತ್ರೆ ತಪ್ಪಿದರೆ ಆ ತಪ್ಪು ಆ ಕ್ಷಣದಲ್ಲಿಯೇ ಸಭೆಗೆಲ್ಲ ಕೇಳಿಸುತ್ತದೆ. ನರ್ತಕಿಯು ಗತಿಯನ್ನು ಏರಿಸಿದರೆ ವಾದಕನೂ ಏರಬೇಕು. ವಾದಕನು ಕಠಿನವಾದ ನಡೆಯನ್ನು ತೆಗೆದರೆ ನರ್ತಕಿಯೂ ಅದಕ್ಕೆ ಎದುರಾಗಬೇಕು. ಹೀಗೆ ಸಾಮರ್ಥ್ಯವೂ ಕಾಠಿನ್ಯವೂ ಒಂದನ್ನೊಂದು ಮೇಲಕ್ಕೆ ಎಳೆದುಕೊಂಡು ಹೋಗುವ ಕಲೆ ಇದು. ಮನಶ್ಶಾಸ್ತ್ರಜ್ಞರು ಹೇಳುವ ಪ್ರವಾಹಸ್ಥಿತಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಷ್ಟ.

ಆದರೆ ಈ ತಲ್ಲೀನತೆಯನ್ನು ಇಬ್ಬರು ಕವಿಗಳು ಎರಡು ಬಗೆಯಾಗಿ ಕಂಡಿದ್ದಾರೆ. ಹರಿಹರನ ಪ್ರಭುದೇವರ ರಗಳೆಯಲ್ಲಿ ಅಲ್ಲಮನು ಕಮಲತೆಯೆಂಬ ಚೆಲುವೆಯಲ್ಲಿ ಅನುರಕ್ತನಾಗುತ್ತಾನೆ. ಮದ್ದಳೆಯಲ್ಲಿ ಮುಳುಗಬಲ್ಲ ಮನಸ್ಸೇ ಪ್ರೇಮದಲ್ಲಿಯೂ ಮುಳುಗುತ್ತದೆ. ಅವಳು ಜ್ವರದಿಂದ ಮಡಿದಾಗ ಅದೇ ಮನಸ್ಸು ಅಷ್ಟೇ ಪೂರ್ಣವಾಗಿ ದುಃಖದಲ್ಲಿ ಮುಳುಗುತ್ತದೆ. ಕವಿಯ ಈ ನಿರೂಪಣೆಯಲ್ಲಿ ಸೂಕ್ಷ್ಮವಾದ ಮನೋವಿಶ್ಲೇಷಣೆಯಿದೆ. ವಸ್ತುವನ್ನು ಆಶ್ರಯಿಸಿದ ತಲ್ಲೀನತೆಗೆ ಆ ವಸ್ತುವಿನ ಆಯುಷ್ಯವೇ ಆಯುಷ್ಯ. ಆಲಂಬನವು ಕುಸಿದೊಡನೆ ಆನಂದವು ಶೋಕವಾಗಿ ತಿರುಗುತ್ತದೆ, ಮುಳುಗುವ ಶಕ್ತಿ ಮಾತ್ರ ಹಾಗೆಯೇ ಉಳಿಯುತ್ತದೆ. ಚಾಮರಸನಾದರೋ ಇಮ್ಮಡಿ ಪ್ರೌಢದೇವರಾಯನ (1424–1446) ಕಾಲದಲ್ಲಿ ಭಾಮಿನೀಷಟ್ಪದಿಯಲ್ಲಿ ಪ್ರಭುಲಿಂಗಲೀಲೆಯನ್ನು ರಚಿಸಿದಾಗ ಈ ಲೌಕಿಕ ಪ್ರೇಮವನ್ನು ಒಪ್ಪಿಕೊಳ್ಳಲಿಲ್ಲ. ಅವನ ಅಲ್ಲಮನು ಮೊದಲಿನಿಂದಲೂ ನಿರ್ಲಿಪ್ತನು. ಬನವಾಸಿಯ ಮಧುಕೇಶ್ವರನ ಸನ್ನಿಧಿಯಲ್ಲಿ ಮದ್ದಳೆಯನ್ನು ಬಾರಿಸುವನು, ಮಾಯೆಗೆ ಸಿಲುಕನು. ನುಡಿಸುವ ಕೈ ತಾಳದಲ್ಲಿ ಮಗ್ನವಾಗಿದ್ದರೂ ಒಳಗಿನ ಅರಿವು ಎಚ್ಚೆತ್ತು ನೋಡುತ್ತಿರುತ್ತದೆ. ಹರಿಹರನು ಸಾಧಕನ ಚರಿತ್ರೆಯನ್ನು ಹೇಳಿದನು, ಚಾಮರಸನು ಸಿದ್ಧನ ಲೀಲೆಯನ್ನು ಹೇಳಿದನು. ಎರಡನ್ನೂ ಜೊತೆಯಲ್ಲಿಟ್ಟು ಓದಿದಾಗ ಮುಳುಗುವುದಕ್ಕೂ ಮುಳುಗಿಯೂ ಒದ್ದೆಯಾಗದಿರುವುದಕ್ಕೂ ಇರುವ ಅಂತರವು ಸ್ಪಷ್ಟವಾಗುತ್ತದೆ.

ಹರಿಹರನ ಕಥೆಯ ಮುಂದಿನ ಘಟ್ಟವು ಇನ್ನೂ ಮಹತ್ತ್ವದ್ದು. ಶೋಕದಿಂದ ಅಲೆಯುತ್ತ ಬಂದ ಅಲ್ಲಮನು ಒಂದೆಡೆ ಕುಳಿತು ಕಾಲಿನ ಉಗುರಿನಿಂದ ನೆಲವನ್ನು ಕೆದಕುತ್ತಿರುವಾಗ ಹೂತುಹೋದ ಗುಡಿಯ ಹೊನ್ನ ಕಳಸವು ಕಾಣಿಸಿತು. ಅಗೆಸಿ ಒಳಹೊಕ್ಕಾಗ ಅಲ್ಲಿ ಅನಿಮಿಷಯ್ಯನು ಕರದಲ್ಲಿ ಲಿಂಗವನ್ನು ಹಿಡಿದು ರೆಪ್ಪೆಯಿಕ್ಕದೆ ಕುಳಿತಿದ್ದನು. ಆ ಲಿಂಗವು ಅಲ್ಲಮನ ಕೈಗೆ ಬಂದಿತು. ಅನಿಮಿಷನ ಪ್ರಾಣವು ಅಲ್ಲಿಗೆ ನಿಂತಿತು. ಈ ಪ್ರಸಂಗದಲ್ಲಿ ಮಾತಿಲ್ಲ, ಉಪದೇಶವಿಲ್ಲ. ಮದ್ದಳೆಯ ತಲ್ಲೀನತೆಯಲ್ಲಿ ಪ್ರತಿ ಕ್ಷಣವೂ ಹೊಸ ಹೆಜ್ಜೆ, ಹೊಸ ಗತಿ, ಹೊಸ ಸವಾಲು ಇರುತ್ತವೆ. ಚಲನೆಯೇ ಅದರ ಜೀವ. ಅನಿಮಿಷನಲ್ಲಿಯಾದರೋ ಚಲನೆಯೇ ಇಲ್ಲ. ಸಾಧಿಸಬೇಕಾದ ಗುರಿ ಬೇರೆಯಾಗಿ ಉಳಿದಿಲ್ಲ. ಸರಿತಪ್ಪನ್ನು ತಿಳಿಸುವ ಸಭೆಯಿಲ್ಲ. ಪ್ರವಾಹವು ಸಮುದ್ರವನ್ನು ಸೇರಿದ ಮೇಲೆ ಹರಿವೆಂಬುದು ಇರುವುದಿಲ್ಲವಷ್ಟೆ! ಷಟ್‌ಸ್ಥಲದ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲನೆಯದು ಲಿಂಗದೆಡೆಗೆ ತಿರುಗಬಹುದಾದ ಮನಸ್ಸಿನ ಸಾಮರ್ಥ್ಯ, ಎರಡನೆಯದು ಐಕ್ಯ. ಆದರೂ ಮದ್ದಳೆಯ ಅಭ್ಯಾಸವು ವ್ಯರ್ಥವಾಯಿತೆಂದು ಭಾವಿಸಬೇಕಾಗಿಲ್ಲ. ಎಂದೂ ಯಾವುದರಲ್ಲಿಯೂ ಮುಳುಗಲರಿಯದವನಿಗೆ ಅನಿಮಿಷನ ದೃಷ್ಟಿಯು ಕೇವಲ ಒಂದು ಕುತೂಹಲವಾಗಿ ಕಾಣುತ್ತಿತ್ತೇ ಹೊರತು, ಕೈನೀಡಿ ಲಿಂಗವನ್ನು ಸ್ವೀಕರಿಸುವ ಧೈರ್ಯವು ಅವನಿಗೆ ಬರುತ್ತಿರಲಿಲ್ಲ.

ಹಾಗಾದರೆ ಎಲ್ಲರೂ ಗುಹೆಯನ್ನು ಸೇರಬೇಕೆ? ಕಲ್ಯಾಣದ ಶರಣರು ಈ ಪ್ರಶ್ನೆಗೆ ಇಲ್ಲವೆಂದರು. ದುಡಿಮೆಯ ನಡುವೆಯೇ ಆ ದೃಷ್ಟಿಯನ್ನು ಕಾಯುವ ದಾರಿಯನ್ನು ಅವರು ಅರಸಿದರು; ಅರಸುವಾಗ ತಲ್ಲೀನತೆಯ ಅಪಾಯಗಳನ್ನೂ ಮರೆಮಾಚದೆ ಚರ್ಚಿಸಿದರು. ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನು ಹಗ್ಗ ಹೊಸೆಯುವುದಕ್ಕಾಗಿ ಹುಲ್ಲನ್ನು ಕೊಯ್ಯುತ್ತಿರುವಾಗ ಲಿಂಗವು ಕಳಚಿ ಬಿದ್ದರೂ ಕಾಯಕವನ್ನು ನಿಲ್ಲಿಸದೆ ಮುಂದುವರಿದನೆಂದು ಹೇಳಿದೆ. ಮಡಿವಾಳ ಮಾಚಯ್ಯನು ಮಧ್ಯಸ್ಥನಾಗಿ ಬರಬೇಕಾಯಿತು. ಲಿಂಗವಿಲ್ಲದ ಕಾಯಕವುಂಟೆ, ಕಾಯಕವಿಲ್ಲದ ಲಿಂಗಪೂಜೆಯುಂಟೆ ಎಂಬ ವಾದವೇ ಅಲ್ಲಿ ನಡೆಯಿತು. ಆಯ್ದಕ್ಕಿ ಮಾರಯ್ಯನು ಇನ್ನೂ ಮುಂದೆ ಹೋಗಿ, ಕಾಯಕದಲ್ಲಿ ನಿರತನಾದವನು ಗುರು, ಲಿಂಗ, ಜಂಗಮಗಳನ್ನೂ ಮರೆಯಬಹುದೆಂದು ಸಾರಿದನು. ಮೇಲ್ನೋಟಕ್ಕೆ ಇದು ತಲ್ಲೀನತೆಯ ಪರಮಸ್ತುತಿಯಂತೆ ತೋರುತ್ತದೆ. ಆದರೆ ಅದೇ ಮಾರಯ್ಯನು ಅಲ್ಲಮಪ್ರಭುವಿನೊಡನೆ ತತ್ತ್ವಚರ್ಚೆಯಲ್ಲಿ ಮೈಮರೆತಾಗ ಕಾಯಕವು ನಿಂತುಹೋಯಿತೆಂದು ಎಚ್ಚರಿಸಿದವಳು ಅವನ ಪತ್ನಿ ಲಕ್ಕಮ್ಮ. ಬಳಿಕ ಅವನು ದಿನದ ಅಳತೆಗಿಂತ ಹೆಚ್ಚಾದ ಅಕ್ಕಿಯನ್ನು ಆಯ್ದು ತಂದಾಗ ಅದನ್ನು ಮರಳಿ ಸುರಿದುಬರುವಂತೆ ಹೇಳಿದವಳೂ ಅವಳೇ. ಜ್ಞಾನಚರ್ಚೆಯ ಮೈಮರೆವು ದುಡಿಮೆಯನ್ನು ಕೆಡಿಸಬಲ್ಲದು. ದುಡಿಮೆಯ ಮೈಮರೆವು ಸಂಗ್ರಹಬುದ್ಧಿಯನ್ನು ಬೆಳೆಸಬಲ್ಲದು. ಇವೆರಡನ್ನೂ ತೂಗಿನೋಡುವ ಎಚ್ಚರವು ಲಕ್ಕಮ್ಮನ ರೂಪದಲ್ಲಿ ಕಾಯಕದ ಪಕ್ಕದಲ್ಲಿಯೇ ನಿಂತಿರಬೇಕೆಂಬುದು ಈ ಪ್ರಸಂಗದ ಹೃದಯ.

ಈ ಎಚ್ಚರವನ್ನು ತನ್ನೊಳಗೇ ಪಡೆದಿದ್ದವಳು ಶಿಕಾರಿಪುರ ಸೀಮೆಯ ಜಂಬೂರಿನ ಸತ್ಯಕ್ಕ. ಶಂಭುಜಕ್ಕೇಶ್ವರನ ಅಂಕಿತದಲ್ಲಿ ವಚನಗಳನ್ನು ರಚಿಸಿದ ಈಕೆಯ ಕಾಯಕವು ಅಂಗಳವನ್ನು ಗುಡಿಸುವುದಾಗಿತ್ತೆಂದು ಪರಂಪರೆಯು ಹೇಳುತ್ತದೆ. ಕಸಗುಡಿಸುವುದರಲ್ಲಿ ಮದ್ದಳೆಯ ಕಾಠಿನ್ಯವಿಲ್ಲ, ಶಿಲ್ಪದ ಸೂಕ್ಷ್ಮತೆಯಿಲ್ಲ. ಮನಶ್ಶಾಸ್ತ್ರದ ಅಳತೆಯಂತೆ ಅದು ಬೇಸರವನ್ನು ಹುಟ್ಟಿಸಬೇಕಾದ ಕೆಲಸ. ಆದರೆ ಸತ್ಯಕ್ಕನು ದಾರಿಯಲ್ಲಿ ಬಿದ್ದಿರುವ ಹೊನ್ನನ್ನಾಗಲಿ ವಸ್ತ್ರವನ್ನಾಗಲಿ ತಾನು ಮುಟ್ಟೆನೆಂದೂ, ಲಂಚಕ್ಕೆ ಕೈಯೊಡ್ಡೆನೆಂದೂ ತನ್ನ ವಚನದಲ್ಲಿ ಪಣತೊಟ್ಟಿದ್ದಾಳೆ. ಗುಡಿಸುವವಳ ದೃಷ್ಟಿಯು ದಿನವಿಡೀ ನೆಲದ ಮೇಲೆಯೇ ಇರತಕ್ಕುದು. ಬಿದ್ದ ಒಡವೆಯು ಮೊದಲು ಕಾಣುವುದು ಅವಳ ಕಣ್ಣಿಗೇ. ಈ ಹಿನ್ನೆಲೆಯಲ್ಲಿ ನೋಡಿದರೆ ಆ ಪಣವು ಅವಳ ಕಾಯಕದ ಒಳಗಿನಿಂದಲೇ ಹುಟ್ಟಿದ ಸವಾಲಾಗಿ ತೋರುತ್ತದೆ. ಕೈಗೆ ಸುಲಭವಾದ ಕಾರ್ಯವನ್ನು ಅವಳು ಮನಸ್ಸಿಗೆ ದುಸ್ಸಾಧ್ಯವಾಗಿಸಿಕೊಂಡಳು. ಕಾಠಿನ್ಯವು ಕೆಲಸದಲ್ಲಿಯೇ ಇರಬೇಕಾಗಿಲ್ಲ, ಕೆಲಸವನ್ನು ಮಾಡುವ ಶುದ್ಧಿಯಲ್ಲಿಯೂ ಇರಬಹುದು. ಕಾಯಕಗಳಲ್ಲಿ ಮೇಲುಕೀಳಿಲ್ಲವೆಂಬ ಶರಣತತ್ತ್ವಕ್ಕೆ ಮನಶ್ಶಾಸ್ತ್ರೀಯವಾದ ಆಧಾರವೊಂದು ಇಲ್ಲಿ ದೊರೆಯುತ್ತದೆ.

ಅಂಕಿತಗಳ ವಿಚಾರವನ್ನೂ ಇಲ್ಲಿಯೇ ಸ್ಮರಿಸಬಹುದು. ಕುಬ್ಜನೂ ದಾಸೋಜನೂ ತಮ್ಮ ಕೃತಿಗಳ ಮೇಲೆ ತಮ್ಮ ಹೆಸರನ್ನು ಬರೆದರು. ಅಲ್ಲಮನು ಗುಹೇಶ್ವರನೆಂದನು, ಚಂದಯ್ಯನು ಚಂದೇಶ್ವರಲಿಂಗವೆಂದನು, ಮಾರಯ್ಯನು ಅಮರೇಶ್ವರಲಿಂಗವೆಂದನು. ವಚನವನ್ನು ನುಡಿಯುವಾಗ ಮರೆತ ‘ನಾನು’ ವಚನವು ಮುಗಿಯುವ ಎಡೆಯಲ್ಲಿ ತಲೆಯೆತ್ತದಂತೆ ಆ ಸ್ಥಾನದಲ್ಲಿ ಇಷ್ಟದೈವದ ಹೆಸರನ್ನು ನಿಲ್ಲಿಸಿದ ಕ್ರಮವಿದು. ತಲ್ಲೀನತೆಯು ಮರೆಸಿದುದನ್ನು ಅರ್ಪಣೆಯು ಅಳಿಸುತ್ತದೆ.

ಈ ವಿಚಾರವು ಕೇವಲ ಪುರಾತನವಾದುದಲ್ಲವೆಂಬುದಕ್ಕೆ ಸೊರಬದ ಗುಡಿಗಾರರು ಸಾಕ್ಷಿ. ಸೊರಬ, ಸಾಗರ ಮತ್ತು ಕರಾವಳಿಯ ಕೆಲವೆಡೆಗಳಲ್ಲಿ ನೆಲೆಸಿರುವ ಈ ಮನೆತನಗಳು ಶ್ರೀಗಂಧದ ಕೆತ್ತನೆಗೂ ಬೆಂಡಿನ ಕೆಲಸಕ್ಕೂ ತಲೆಮಾರುಗಳಿಂದ ಹೆಸರಾಗಿವೆ. ನುಣುಪುಗೊಳಿಸಿದ ಹಲಗೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಂಡು, ಬಳಿಕ ಹಲವು ಗಾತ್ರದ ಸಣ್ಣ ಸಣ್ಣ ಉಳಿಗಳಿಂದ ಎಲೆ, ಬಳ್ಳಿ, ಹಕ್ಕಿ, ದೇವತಾಮೂರ್ತಿಗಳನ್ನು ಬಿಡಿಸುತ್ತಾರೆ. ಮರದ ಎಳೆಯು ಎತ್ತ ತಿರುಗಿದೆಯೆಂಬುದನ್ನು ಉಳಿಯ ತುದಿಯೇ ಕೈಗೆ ತಿಳಿಸಬೇಕು. ಒಂದು ಚಿಕ್ಕ ಸೀಳು ಎಷ್ಟೋ ದಿನಗಳ ಶ್ರಮವನ್ನು ಕೆಡಿಸಬಲ್ಲದು. ಚಿಕ್ಕಂದಿನಲ್ಲಿ ಸುಲಭವಾದ ಅಂಚಿನ ಬಳ್ಳಿಯಿಂದ ತೊಡಗಿ, ಕೈ ಪಳಗಿದಂತೆ ಕಠಿನವಾದ ಮೂರ್ತಿಗಳಿಗೆ ಏರುವ ಶಿಕ್ಷಣಕ್ರಮದಲ್ಲಿ ಸಾಮರ್ಥ್ಯಕ್ಕೂ ಕಾಠಿನ್ಯಕ್ಕೂ ಇರಬೇಕಾದ ಸಮತೋಲವು ತಾನಾಗಿ ಸಿದ್ಧಿಸುತ್ತದೆ. ಆದರೆ ಶ್ರೀಗಂಧವು ದುರ್ಲಭವಾಗುತ್ತ ಬಂದಂತೆ ಶಿವನೆಯಂತಹ ಬೇರೆ ಮರಗಳನ್ನು ಆಶ್ರಯಿಸಬೇಕಾಗಿ ಬಂದಿದೆ. ತಲ್ಲೀನತೆಯನ್ನು ಕೇವಲ ಮನಸ್ಸಿನ ಗುಣವೆಂದು ಕೊಂಡಾಡಿ, ಆ ಮನಸ್ಸಿಗೆ ಬೇಕಾದ ಮರವನ್ನೂ ಅನ್ನವನ್ನೂ ಒದಗಿಸದಿರುವ ಸಮಾಜವು ಕೋಡಿಯಮಠದ ಪಾಠವನ್ನು ಮರೆತಂತೆಯೇ ಸರಿ. ಕಾಯಕಕ್ಕೆ ದಾಸೋಹವು ಜೊತೆಯಾಗಿರಬೇಕೆಂದು ಶರಣರು ವಿಧಿಸಿದುದು ಕಾಯಕಜೀವಿಯು ಕೊಡಬೇಕಾದುದನ್ನು ಮಾತ್ರ ಕುರಿತಲ್ಲ. ಅವನಿಗೆ ಸಲ್ಲಬೇಕಾದುದನ್ನೂ ಅದು ಒಳಗೊಂಡಿದೆ.

ಈ ನಿದರ್ಶನಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕಾರ್ಯದಲ್ಲಿ ಪೂರ್ಣವಾಗಿ ಮುಳುಗುವ ಶಕ್ತಿಯು ಅಮೂಲ್ಯವಾದುದು. ಅದಿಲ್ಲದೆ ತಾಳಗುಂದದ ಕಾವ್ಯವಿಲ್ಲ, ಬೇಲೂರಿನ ಮದನಿಕೆಯಿಲ್ಲ, ಬಳ್ಳಿಗಾವೆಯ ಮದ್ದಳೆಯಿಲ್ಲ. ಆದರೆ ಆ ಶಕ್ತಿಯೇ ಪೂಜೆಯಲ್ಲ. ಮುಳುಗಿದ್ದವನು ಮೇಲೆದ್ದಾಗ ಏನನ್ನು ಹೊತ್ತು ತಂದನು, ಯಾರಿಗೆ ಒಪ್ಪಿಸಿದನು, ಎಷ್ಟನ್ನು ತನಗೆಂದು ಉಳಿಸಿಕೊಂಡನು ಎಂಬ ಮೂರು ಪ್ರಶ್ನೆಗಳಿಗೆ ಅವನು ಉತ್ತರ ಕೊಡಬೇಕಾಗುತ್ತದೆ. ಕುಶಲಕರ್ಮಿಯು ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತಾನೆ. ಕಾಯಕಜೀವಿಯಾದ ಶರಣನು ಮೂರಕ್ಕೂ ಉತ್ತರಿಸುತ್ತಾನೆ. ಹೆಚ್ಚಾದ ಅಕ್ಕಿಯನ್ನು ಮರಳಿ ಸುರಿಯಲು ಹೋದ ಮಾರಯ್ಯನ ಹೆಜ್ಜೆಗಳೂ, ಹೊಳೆಯುವ ಹೊನ್ನನ್ನು ದಾಟಿ ಮುಂದಕ್ಕೆ ಸರಿದ ಸತ್ಯಕ್ಕನ ಪೊರಕೆಯೂ ಆ ಉತ್ತರದ ಭಾಗಗಳೇ ಆಗಿವೆ.